ಹಳೆ ಗಾರ್ಡನ್ ಟ್ರ್ಯಾಕ್ಟರ್‌ಗೆ ಯಾವ ಎಂಜಿನ್? ಕೊಡಗಿನ ಒಂದು ತೋಟದ ಪ್ರಕರಣ

ಸುಂಟಿಕೊಪ್ಪ ಮತ್ತು ಮಡಿಕೇರಿ ನಡುವಿನ ಒಂದು ಕಾಫಿ ತೋಟದಲ್ಲಿ ನಡೆದದ್ದು ಇದು. ತೋಟದವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಮನೆತನ, ಊರು ಯಾವುದನ್ನೂ ಹೇಳುವುದಿಲ್ಲ. ತೋಟ ನಡೆಸುವವರು ಅರವತ್ತು ದಾಟಿದ ಹೆಂಗಸು. ಸುತ್ತಮುತ್ತಲಿನ ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ. ಜೊತೆಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗ, ತೋಟದ ಲೆಕ್ಕ ಬರೆಯುವ ರೈಟರ್, ಗಾಡಿ ಓಡಿಸುವ ಹುಡುಗ, ಪೇಟೆಯ ಒಬ್ಬ ಮೆಕ್ಯಾನಿಕ್. ಯಂತ್ರಗಳ ಕೆಲಸ ಗೊತ್ತು ಅಂತ ನನ್ನನ್ನು ಕರೆದದ್ದು ನಡುವೆ, ಒಂದು ಎಂಜಿನ್ ಹಾಕಿ ಕೈಬಿಡುವ ಹೊತ್ತಿಗೆ. ಹಳೆ ಗಾಡಿ ಇಟ್ಟುಕೊಂಡ ಬೇರೆ ತೋಟದವರಿಗೂ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗಾಡಿ ಮತ್ತು ಅದರ ಕೆಲಸ

ಗಾಡಿ ಅಮೆರಿಕದಲ್ಲಿ ತಯಾರಾದ ಗಾರ್ಡನ್ ಟ್ರ್ಯಾಕ್ಟರ್. ಮೇಲೆ ಕೂತು ಓಡಿಸುವಂಥದ್ದು. ಅಗಲ ನಾಲ್ಕು ಅಡಿ. ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡುಗಳ ಡೆಕ್, ಹಿಂದೆ ಟ್ರೈಲರ್ ಕೊಕ್ಕೆ. ದೊಡ್ಡ ಎಸ್ಟೇಟೊಂದರ ಬಂಗಲೆಯ ಹುಲ್ಲುಹಾಸಿಗೆ ಅಂತ ಯಾವುದೋ ಕಾಲದಲ್ಲಿ ತರಿಸಿದ್ದು. ಆ ಎಸ್ಟೇಟಿನವರು ಸಾಮಾನು ಮಾರುವಾಗ ಅಕ್ಕನ ಯಜಮಾನರು ಕೊಂಡರು. ಎಂಜಿನ್ ಪೆಟ್ರೋಲಿನದು, ಒಂದೇ ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, 512 ಸಿಸಿ, 14 ಎಚ್‌ಪಿ. ಎಂಜಿನ್‌ನಿಂದ ಬೆಲ್ಟು, ಬೆಲ್ಟಿನಿಂದ ಗೇರ್ ಬಾಕ್ಸ್. ಸರಳವಾದ ಗಟ್ಟಿ ಗಾಡಿ.

ತೋಟಕ್ಕೆ ಬಂದ ಮೇಲೆ ಅದು ಹುಲ್ಲು ಕತ್ತರಿಸಿದ್ದು ಕಮ್ಮಿ, ಹೊತ್ತದ್ದು ಜಾಸ್ತಿ. ಕಾಫಿ ಕೊಯ್ಲಿನಲ್ಲಿ ತೋಟದ ಒಳಭಾಗಗಳಿಂದ ಹಣ್ಣಿನ ಚೀಲ ಕಣಕ್ಕೆ ಬರುವುದು ಇದರಲ್ಲೇ. ಮಳೆಗಾಲಕ್ಕೆ ಮುಂಚೆ ಗೊಬ್ಬರ, ಆಮೇಲೆ ಗಿಡ, ಬೇಲಿ ಕಂಬ, ಸೌದೆ. ಒಳರಸ್ತೆ ಅಲ್ಲಿ ಬಹಳ ಕಿರಿದು. ರೊಬಸ್ಟಾ ಕಾಫಿಯ ಸಾಲುಗಳು ಹತ್ತಡಿ ಅಂತರದಲ್ಲಿದ್ದರೂ ಗಿಡದ ರೆಕ್ಕೆಗಳು, ಅಂದರೆ ಕೊಂಬೆಗಳು, ಎರಡೂ ಕಡೆಯಿಂದ ಚಾಚಿ ಉಳಿಯುವುದು ಸ್ವಲ್ಪವೇ ಜಾಗ. ಕಣಕ್ಕೆ ಬರುವ ದಾರಿಯಲ್ಲಿ ಒಂದು ಏರು ಇದೆ. ಕೆಳಗಿನ ಹೊಳೆ ಬದಿಯಿಂದ ಹತ್ತಿ, ತಿರುವಿನಲ್ಲಿ ಇನ್ನಷ್ಟು ಕಡಿದಾಗುತ್ತದೆ. ಈ ಏರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅರೇಬಿಕಾ ಕಾಫಿ ಹಣ್ಣಾಗಲು ಶುರುವಾದ ನವೆಂಬರಿನಲ್ಲಿ ಎಂಜಿನ್ ಒಳಗೆ ಟಕಟಕ ಶಬ್ದ ಬಂತು. ಹುಡುಗ ನಿಲ್ಲಿಸುವಷ್ಟರಲ್ಲಿ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆ ಒಡೆದಿತ್ತು. ಬೆರಳು ತೂರುವಷ್ಟು ತೂತು, ಅದರಿಂದ ಆಯಿಲ್ ಸುರಿದು ಚಾಸಿಯೆಲ್ಲ ಕಪ್ಪು.

ಹಳೆಯದನ್ನೇ ಉಳಿಸಬಹುದಿತ್ತೇ?

ಮೊದಲ ಯೋಚನೆ ಸಹಜವಾಗಿ ರಿಪೇರಿ. ಕುಶಾಲನಗರದ ಲೇತ್‌ನವರು ಬ್ಲಾಕ್ ನೋಡಿದರು. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಆಗುತ್ತದೆ, ಆದರೆ ಸರಿಯಾಗಿ ಬಿಸಿ ಮಾಡಿ ನಿಧಾನಕ್ಕೆ ತಣಿಸದಿದ್ದರೆ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಮೇಲಾಗಿ ಸಿಲಿಂಡರನ್ನು ಹಿಂದೆಯೇ ಬೋರ್ ಮಾಡಿಸಿ (ಒಳಗಿಂದ ಕೊರೆಸಿ) ಆಗಿತ್ತು, ಕ್ರ್ಯಾಂಕಿನಲ್ಲೂ ಗೀರು ಬಿದ್ದಿತ್ತು. ಪಿಸ್ಟನ್, ರಾಡ್, ಗ್ಯಾಸ್ಕೆಟ್ ಎಲ್ಲವೂ ಹೊರದೇಶದಿಂದ ಬರಬೇಕು.

ಇಲ್ಲಿ ಅಕ್ಕ ಕೇಳಿದ ಒಂದು ಪ್ರಶ್ನೆ ಇಡೀ ವಿಷಯಕ್ಕೆ ದಾರಿ ಮಾಡಿಕೊಟ್ಟಿತು ಅನ್ನುತ್ತೇನೆ. "ಇವತ್ತು ಸರಿ ಮಾಡಿಸ್ತೀರಿ. ಜನವರೀಲಿ ಕೊಯ್ಲು ನಡೀತಿರುವಾಗ ಮತ್ತೆ ಕೆಟ್ರೆ, ಎಷ್ಟು ದಿನದಲ್ಲಿ ಗಾಡಿ ಏಳುತ್ತೆ?" ಯಾರ ಬಳಿಯೂ ಉತ್ತರ ಇರಲಿಲ್ಲ. ಹಳೆ ಎಂಜಿನ್ ಉಳಿಸುವುದು ಅಸಾಧ್ಯವಾಗಿತ್ತು ಅಂತಲ್ಲ. ಗಾಡಿಯನ್ನು ಪ್ರದರ್ಶನಕ್ಕೆ ಇಡುವವರು ಅದನ್ನೇ ಮಾಡುತ್ತಾರೆ, ಮಾಡಲೂಬೇಕು. ಆದರೆ ಕೊಯ್ಲಿನಲ್ಲಿ ದುಡಿಯುವ ಗಾಡಿಗೆ ಪೇಟೆಯಲ್ಲಿ ಪಾರ್ಟ್ ಸಿಗಬೇಕು. ಹೀಗಾಗಿ ಹಳೆಯದನ್ನು ಬಿಡುವ ತೀರ್ಮಾನವಾಯಿತು.

ಗಾಡಿಯನ್ನೇ ಮಾರಿ ಹೊಸ ಮಿನಿ ಟ್ರ್ಯಾಕ್ಟರ್ ತೆಗೆದುಕೊಳ್ಳುವ ಮಾತೂ ಬಂತು. 18 ಎಚ್‌ಪಿ ಆಸುಪಾಸಿನ ಡೀಸೆಲ್ ಗಾಡಿಗಳು ನಮ್ಮಲ್ಲೇ ತಯಾರಾಗುತ್ತವೆ, ತೋಟಗಳಲ್ಲಿ ಚೆನ್ನಾಗಿ ಓಡುತ್ತಿವೆ. ಆದರೆ ಈ ತೋಟದ ತಿರುವುಗಳಿಗೆ ಅದೂ ಅಗಲವೇ. ದಾರಿ ಅಗಲಿಸಬೇಕಾದರೆ ಗಿಡ ಕೀಳಬೇಕು, ಬರೆ (ದಾರಿ ಪಕ್ಕದ ಮಣ್ಣಿನ ಗೋಡೆ) ಕಡಿಯಬೇಕು. ಅದಕ್ಕೆ ಅಕ್ಕ ಒಪ್ಪಲಿಲ್ಲ.

ಆಟೋದ ಡೀಸೆಲ್ ಎಂಜಿನ್

ಆಗ ಸುಲಭಕ್ಕೆ ಸಿಕ್ಕಿದ್ದು ಸರಕು ಸಾಗಿಸುವ ಮೂರು ಚಕ್ರದ ಆಟೋ ಒಂದರ ಡೀಸೆಲ್ ಎಂಜಿನ್. ಗಾಡಿ ಗುಜರಿಗೆ ಹೋಗಿತ್ತು, ಎಂಜಿನ್ ಚೆನ್ನಾಗಿತ್ತು, ಬೆಲೆ ಕಡಿಮೆ. ಯಾವ ಊರಿನ ಮೆಕ್ಯಾನಿಕ್ಕಿಗೂ ಗೊತ್ತಿರುವ ಎಂಜಿನ್. ಡೀಸೆಲ್ ಖರ್ಚೂ ಕಡಿಮೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ ಅನ್ನಿಸುತ್ತದೆ.

ತೊಂದರೆ ಇದ್ದದ್ದು ಶಾಫ್ಟಿನಲ್ಲಿ, ಅಂದರೆ ಎಂಜಿನ್ ತಿರುಗಿಸುವ ಕಂಬಿಯಲ್ಲಿ. ಗಾರ್ಡನ್ ಟ್ರ್ಯಾಕ್ಟರಿಗೆ ಬೇಕಾದದ್ದು ಎಂಜಿನ್‌ನಿಂದ ನೇರ ಹೊರಗೆ ಚಾಚಿರುವ, ಕೀ (ಪುಲ್ಲಿ ಜಾರದಂತೆ ಹಿಡಿಯುವ ಲೋಹದ ತುಂಡು) ಕೂರುವ ಕಾಲುವೆ ಇರುವ ದುಂಡು ಶಾಫ್ಟ್. ಪುಲ್ಲಿ, ಅಂದರೆ ಬೆಲ್ಟು ಕೂರುವ ಚಕ್ರ, ತೂರಿಸಿ ಬೋಲ್ಟ್ ಬಿಗಿದರೆ ಮುಗಿಯಿತು. ಆಟೋದ ಎಂಜಿನ್ ಹಾಗಿಲ್ಲ. ಅದು ತನ್ನದೇ ಕ್ಲಚ್ಚು, ಗೇರ್ ಬಾಕ್ಸಿನ ಜೊತೆ ಕೂರಲು ಮಾಡಿದ್ದು. ಲೇತ್‌ನಲ್ಲಿ ಒಂದು ತುಂಡು ಶಾಫ್ಟ್ ಕಡೆಸಿ ಅದರ ಮುಖಕ್ಕೆ ಬೋಲ್ಟ್ ಮಾಡಿದರು. ಕಣ್ಣಿಗೆ ಕಾಣದಷ್ಟು ಓಲಾಟ ಅದರಲ್ಲಿ ಉಳಿಯಿತು. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಆ ಓಲಾಟ ಬೆಲ್ಟನ್ನು ತಿಂದುಹಾಕಿತು.

ಇನ್ನೊಂದು ತೊಂದರೆ ಅದುರು. ಪೆಟ್ರೋಲ್ ಎಂಜಿನ್ನು ಗಾಳಿಯನ್ನು ಎಂಟು ಪಟ್ಟು ಆಸುಪಾಸು ಒತ್ತಿದರೆ, ಡೀಸೆಲ್ ಅದರ ಎರಡು ಪಟ್ಟಿಗೂ ಜಾಸ್ತಿ ಒತ್ತುತ್ತದೆ. ಒಂದೇ ಸಿಲಿಂಡರ್ ಇದ್ದಾಗ ಪ್ರತಿ ಹೊಡೆತವೂ ಚಾಸಿಗೆ ನೇರವಾಗಿ ಬಡಿಯುತ್ತದೆ. ಆಟೋದಲ್ಲಿ ದಪ್ಪ ರಬ್ಬರ್ ಮೌಂಟುಗಳು ಅದನ್ನು ನುಂಗುತ್ತವೆ. ಇಲ್ಲಿ ಎಂಜಿನ್ ಕೂತದ್ದು ತಗಡು ಬಗ್ಗಿಸಿ ಮಾಡಿದ ಚಾಸಿಯ ಮೇಲೆ, ನೇರವಾಗಿ. ಕೆಲವೇ ವಾರಗಳಲ್ಲಿ ಬೋಲ್ಟಿನ ತೂತುಗಳು ಉದ್ದುದ್ದ ಆದವು. ಹೆಡ್‌ಲೈಟಿನ ಬಲ್ಬು ಉಳಿಯುತ್ತಲೇ ಇರಲಿಲ್ಲ. ಓಡಿಸುವ ಹುಡುಗ ಸಂಜೆ ಕೈ ಜೋಮು ಹಿಡಿಯುತ್ತೆ ಅಂತ ಹೇಳಿದ ಮೇಲೆ ಅಕ್ಕ ಅದನ್ನು ಬಿಚ್ಚಿಸಲು ಹೇಳಿದರು.

ಡೀಸೆಲ್ ಬೇಡವೇ ಬೇಡ ಅನ್ನುವುದು ಇದರ ಅರ್ಥ ಅಲ್ಲ. ಎಂಜಿನ್ ಒಳ್ಳೆಯದೇ, ಆದರೆ ಅದು ಬೇರೆ ಮೈಗೆ ಹೊಲಿದ ಅಂಗಿ.

22 ಎಚ್‌ಪಿಯ ಆಸೆ

ನಾನು ಹೋದಾಗ ಮಗ ಬೆಂಗಳೂರಿನಿಂದ ಬಂದಿದ್ದರು. ಅವರ ಮನಸ್ಸಿನಲ್ಲಿ ಎರಡು ಸಿಲಿಂಡರಿನ ದೊಡ್ಡ ಪೆಟ್ರೋಲ್ ಎಂಜಿನ್ ಇತ್ತು. ಹೋಂಡಾ ಜಿಎಕ್ಸ್ 690 ಥರದ್ದು, 688 ಸಿಸಿ, 22 ಎಚ್‌ಪಿ. "ಇದ್ದದ್ದು ಹದಿನಾಲ್ಕು ಸರ್. ಏರಿನಲ್ಲಿ ಅದೂ ಏದುಸಿರು ಬಿಡ್ತಿತ್ತು. ಇಪ್ಪತ್ತೆರಡು ಹಾಕಿದ್ರೆ ನಿಶ್ಚಿಂತೆ ಅಲ್ವಾ?" ಅಂದರು. ಈ ಮಾತನ್ನು ಎಲ್ಲ ಕಡೆಯೂ ಕೇಳುತ್ತೇನೆ. ತಪ್ಪು ಮಾತಲ್ಲ. ಆದರೆ ಏರಿಗೆ ನಿಜವಾಗಿ ಎಷ್ಟು ಬೇಕು ಅಂತ ಲೆಕ್ಕ ಹಾಕಿ ನೋಡೋಣ ಅಂದೆ. ಅಲ್ಲೇ ಕಣದ ಕಟ್ಟೆಯ ಮೇಲೆ ಕೂತು ಮಾಡಿದ ಲೆಕ್ಕ ಇದು.

ಗಾಡಿ, ಓಡಿಸುವವನು, ಟ್ರೈಲರ್, ಆರು ಚೀಲ ಹಣ್ಣು, ಎಲ್ಲ ಸೇರಿ ಸುಮಾರು 900 ಕಿಲೋ. ಏರು ಎಂಟಡಿಗೆ ಒಂದಡಿ. ಅಂದರೆ ಇಳಿಜಾರಿನ ಎದುರು ಎಳೆಯಲು ತೂಕದ ಎಂಟನೇ ಒಂದು ಭಾಗ, ಸುಮಾರು 112 ಕಿಲೋ ಬಲ ಬೇಕು. ಮಣ್ಣಿನ ರಸ್ತೆಯಲ್ಲಿ ಚಕ್ರ ಉರುಳುವುದಕ್ಕೇ ಇನ್ನೊಂದು ಎಂಬತ್ತು ಕಿಲೋ ಇಟ್ಟುಕೊಳ್ಳಿ. ಒಟ್ಟು 190 ಅನ್ನೋಣ. ವೇಗ ಗಂಟೆಗೆ 4 ಕಿಲೋಮೀಟರ್, ಅಂದರೆ ಸೆಕೆಂಡಿಗೆ 1.1 ಮೀಟರ್. ಗುಣಿಸಿದರೆ 209. ಒಂದು ಎಚ್‌ಪಿ ಅಂದರೆ ಸೆಕೆಂಡಿಗೆ 75 ಕಿಲೋ ತೂಕವನ್ನು ಒಂದು ಮೀಟರ್ ಎತ್ತುವ ಶಕ್ತಿ. 209ನ್ನು 75ರಿಂದ ಭಾಗಿಸಿದರೆ ಮೂರು ಎಚ್‌ಪಿಯೂ ಇಲ್ಲ. ಬೆಲ್ಟು, ಗೇರಿನಲ್ಲಿ ಮೂರನೇ ಒಂದು ಭಾಗ ಹೋಗುತ್ತದೆ ಅಂದುಕೊಂಡರೂ ನಾಲ್ಕಕ್ಕಿಂತ ಸ್ವಲ್ಪ ಮೇಲೆ. ತಿರುವಿನ ಕಡಿದು ಜಾಗದಲ್ಲಿ ಆರು ಅಂತಲೇ ಇಟ್ಟುಕೊಳ್ಳಿ.

ಮಗನಿಗೆ ನಂಬಿಕೆ ಬರಲಿಲ್ಲ. ಡೀಸೆಲ್ ಎಂಜಿನ್ ಇನ್ನೂ ಗಾಡಿಯ ಮೇಲೇ ಇತ್ತು. ಟ್ರೈಲರಿಗೆ ಚೀಲ ಹೇರಿಸಿ ಏರಿಗೆ ಬಿಟ್ಟೆವು. ರಾತ್ರಿ ಇಬ್ಬನಿಗೆ ಕೆಂಪು ಮಣ್ಣು ಒದ್ದೆಯಾಗಿತ್ತು. ತಿರುವಿಗೆ ಬಂದಾಗ ಎಂಜಿನ್ ಇನ್ನೂ ಒಂದೇ ದನಿಯಲ್ಲಿ ಓಡುತ್ತಿತ್ತು, ಹೊಗೆ ಕಪ್ಪಾಗಲಿಲ್ಲ. ಹಿಂದಿನ ಟೈರು ಮಾತ್ರ ನಿಂತಲ್ಲೇ ಸುತ್ತತೊಡಗಿತು. ಹಲ್ಲಿನ ಸಂದಿನಲ್ಲಿ ಮಣ್ಣು ತುಂಬಿ ಟೈರು ಬೋಳಾದಂತೆ ಕಾಣುತ್ತಿತ್ತು. ಆಟೋದ ಆ ಎಂಜಿನ್ 8 ಎಚ್‌ಪಿ ಕೂಡ ಇಲ್ಲ. ಅಷ್ಟಕ್ಕೇ ನೆಲ ಕೈಬಿಡುತ್ತಿದೆ ಅಂದರೆ 22 ಹಾಕಿ ಏನು ಉಪಯೋಗ? ಟೈರು ಬೇಗ ಸುತ್ತುತ್ತದೆ, ಅಷ್ಟೇ. ಹೆಚ್ಚಿನ ಶಕ್ತಿ ಹೋಗಿ ಬೀಳುವುದು ಹಳೆ ಗೇರ್ ಬಾಕ್ಸಿನ ಹಲ್ಲುಗಳ ಮೇಲೆ. ಅವಕ್ಕೆ ಎಲ್ಲೂ ಪಾರ್ಟ್ ಸಿಗುವುದಿಲ್ಲ.

ದೊಡ್ಡ ಎಂಜಿನ್ನಿಗೆ ಇನ್ನೂ ಎರಡು ಅಡ್ಡಿ ಇದ್ದವು. ವಿ ಆಕಾರದ ಎರಡು ಸಿಲಿಂಡರ್ ಆದ್ದರಿಂದ ಅದು ಅಗಲ, ಬಾನೆಟ್ ಮುಚ್ಚುವುದಿಲ್ಲ. ಎರಡೂ ಬದಿಯಿಂದ ಸೈಲೆನ್ಸರ್ ಪೈಪು ಬರಬೇಕು, ಬಿಸಿಗೆ ಜಾಗ ಮಾಡಬೇಕು. ಹೆಚ್ಚು ದುಡ್ಡು ಕೊಟ್ಟು ಹೆಚ್ಚು ಕೆಲಸ ತಲೆಮೇಲೆ ಎಳೆದುಕೊಂಡ ಹಾಗೆ.

ಹುಲ್ಲಿನ ಡೆಕ್ಕಿಗೆ ಮಾತ್ರ ಶಕ್ತಿ ನಿಜವಾಗಿಯೂ ಬೇಕು. ಮಳೆಗಾಲದ ದಪ್ಪ ಹುಲ್ಲಿನಲ್ಲಿ ಬ್ಲೇಡು ಎಂಜಿನ್ನನ್ನು ಹಿಂಡುತ್ತದೆ. ಆದರೆ ಅಲ್ಲಿ ಗೇರ್ ಇಳಿಸಿ ನಿಧಾನಕ್ಕೆ ಹೋಗಬಹುದು. ವರ್ಷದಲ್ಲಿ ಕೆಲವು ದಿನದ ಆ ಕೆಲಸಕ್ಕೋಸ್ಕರ ಇಡೀ ವರ್ಷದ ಎಂಜಿನ್ ಆರಿಸುವುದು ಸರಿಯಲ್ಲ ಅಂತ ಅಕ್ಕನೇ ಹೇಳಿದರು.

ಹಾಗೆ ಆಯ್ಕೆ ಬಂದು ನಿಂತದ್ದು ಒಂದು ಸಿಲಿಂಡರಿನ ಹೋಂಡಾ ಜಿಎಕ್ಸ್ 390 ಮೇಲೆ. 389 ಸಿಸಿ. ಮೊದಲು ಇದನ್ನು 13 ಎಚ್‌ಪಿ ಅಂತ ಮಾರುತ್ತಿದ್ದರು, ಈಗ 11.7 ಅಂತ ಬರೆಯುತ್ತಾರೆ. ಎಂಜಿನ್ ಸಣ್ಣದಾಗಿಲ್ಲ, ಅಳೆಯುವ ಕ್ರಮ ಬದಲಾಗಿದೆ. ಹಳೆ ಗಾಡಿಗಳ ಮೇಲಿನ ಎಚ್‌ಪಿ ಸಾಮಾನ್ಯವಾಗಿ ಸೈಲೆನ್ಸರ್, ಏರ್ ಫಿಲ್ಟರ್ ಇವುಗಳ ಹೊರೆಯನ್ನು ಕಳೆಯದೆ ಹೇಳಿದ್ದು. ಆದ್ದರಿಂದ ಹಳೆಯ 14ಕ್ಕೂ ಇಂದಿನ 11.7ಕ್ಕೂ ನಡುವಿನ ಅಂತರ ಕಾಣುವಷ್ಟು ದೊಡ್ಡದಲ್ಲ. ಇನ್ನು ನಮ್ಮ ಎತ್ತರ. ಪ್ರತಿ 300 ಮೀಟರಿಗೆ ಸುಮಾರು 3.5 ಶೇಕಡಾ ಶಕ್ತಿ ಇಳಿಯುತ್ತದೆ. ತೋಟ ಇರುವುದು ಸಾವಿರ ಮೀಟರಿನ ಆಸುಪಾಸಿನಲ್ಲಿ, ಅಂದರೆ ಕೈಗೆ ಸಿಗುವುದು ಹತ್ತು ಎಚ್‌ಪಿ ಚಿಲ್ಲರೆ. ಆರು ಬೇಕಾದ ಕಡೆ ಹತ್ತು ಸಾಕು.

ಈ ಥರದ ಎಂಜಿನ್ನುಗಳು ನೀರಿನ ಪಂಪು, ಜನರೇಟರುಗಳ ಮೇಲೆ ಎಲ್ಲೆಡೆ ಇರುವುದರಿಂದ ಪ್ಲಗ್ಗಿನಿಂದ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ತನಕ ಮೈಸೂರಿನಲ್ಲಿ ಸಿಗುತ್ತದೆ. ಅಕ್ಕನ ಆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ.

ಕೊಳ್ಳುವ ಮುಂಚೆ ಅಳೆದದ್ದು

ಅಂಗಡಿಗೆ ಫೋನ್ ಮಾಡುವ ಮುಂಚೆ ಹಳೆ ಎಂಜಿನ್ನನ್ನು ಕಣದಲ್ಲಿ ಇಟ್ಟು ವರ್ನಿಯರ್ ಹಿಡಿದು ಅಳೆದೆವು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ದುಡ್ಡು ಉಳಿಸಿದ್ದು ಆ ಬೆಳಗ್ಗೆ ಅಂತ ನನ್ನ ನಂಬಿಕೆ.

ಮೊದಲು ಶಾಫ್ಟ್. ಹಳೆಯದು ಒಂದೂಕಾಲಿಗಿಂತ ಕಮ್ಮಿ, ಒಂದಕ್ಕಿಂತ ಜಾಸ್ತಿ: ಒಂದು ಇಂಚು ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ), 28.6 ಮಿಲಿಮೀಟರ್. ಹೊಸದು ಒಂದು ಇಂಚು, 25.4. ಮೆಕ್ಯಾನಿಕ್ ಹೇಳಿದ್ದು, "ನಡುವೆ ಒಂದು ಬುಷ್ ಹಾಕಿ ಹಳೆ ಪುಲ್ಲಿನೇ ಕೂರಿಸೋಣ." ಬುಷ್ ಅಂದರೆ ಸಂದು ತುಂಬುವ ಸಣ್ಣ ಕೊಳವೆ. ಅದರ ಗೋಡೆ ಒಂದೂವರೆ ಮಿಲಿಮೀಟರ್ ಚಿಲ್ಲರೆ ಆಗುತ್ತದೆ, ಅದರಲ್ಲೂ ಕೀಗೆ ಸೀಳು ಬಿಡಬೇಕು. ಕರೆಂಟಿನ ಮೋಟಾರಿಗೆ ನಡೆದೀತು. ಒಂದು ಸಿಲಿಂಡರಿನ ಎಂಜಿನ್ ಎರಡು ಸುತ್ತಿಗೊಮ್ಮೆ ಕುಟ್ಟುವಾಗ ಅಷ್ಟು ತೆಳು ಬುಷ್ ಸಡಿಲವಾಗುತ್ತದೆ, ಆಮೇಲೆ ಶಾಫ್ಟನ್ನೇ ಕೊರೆಯುತ್ತದೆ. ಒಂದಿಂಚು ತೂತಿನ ಹೊಸ ಪುಲ್ಲಿಯನ್ನೇ ಕಡೆಸುವುದು ಅಂತಾಯಿತು. ವ್ಯಾಸ ಮಾತ್ರ ಹಳೆಯದರಷ್ಟೇ. ಎರಡೂ ಎಂಜಿನ್ನುಗಳ ಗರಿಷ್ಠ ವೇಗ ನಿಮಿಷಕ್ಕೆ 3600 ಸುತ್ತು, ಆದ್ದರಿಂದ ಪುಲ್ಲಿ ದೊಡ್ಡದಾದರೆ ಬ್ಲೇಡು ಮಿತಿ ಮೀರಿ ತಿರುಗುತ್ತದೆ. ಅದು ಅಪಾಯ.

ಎಚ್ಚರ ವಹಿಸಬೇಕಾದ್ದು ಇನ್ನೊಂದಿದೆ. ಇದೇ ಎಂಜಿನ್ 25 ಮಿಲಿಮೀಟರ್ ಶಾಫ್ಟಿನಲ್ಲೂ ಬರುತ್ತದೆ, 25.4ರಲ್ಲೂ ಬರುತ್ತದೆ. ಪಂಪಿಗೆ ಅಂತ ತಿರುಪು ಕೊರೆದ ಶಾಫ್ಟಿನದು ಬೇರೆ, ಜನರೇಟರಿಗೆ ಅಂತ ಮೊನೆ ಸಣ್ಣಗಾಗುವ ಶಾಫ್ಟಿನದು ಬೇರೆ, ವೇಗ ಅರ್ಧಕ್ಕೆ ಇಳಿಸುವ ಗೇರ್ ಇರುವುದು ಬೇರೆ. ಹೊರಗಿನಿಂದ ಎಲ್ಲ ಒಂದೇ ಕೆಂಪು ಬಿಳಿ ಎಂಜಿನ್. ಅಂಗಡಿಯವರಿಗೆ ಸುಮ್ನೆ "ಜಿಎಕ್ಸ್ 390 ಕೊಡಿ" ಅಂದರೆ ಕೈಗೆ ಬರುವುದು ಯಾವುದು ಅಂತ ಹೇಳಲಾಗದು. ಶಾಫ್ಟಿನ ಆಕಾರ, ಅಳತೆ, ಉದ್ದ ಚೀಟಿಯಲ್ಲಿ ಬರೆದು ಕೊಟ್ಟೆವು.

ತಿರುಗುವ ದಿಕ್ಕನ್ನೂ ನೋಡಬೇಕು. ಶಾಫ್ಟಿನ ಎದುರು ನಿಂತು ನೋಡಿದರೆ ಹಳೆಯದೂ ಹೊಸದೂ ಗಡಿಯಾರದ ಮುಳ್ಳಿಗೆ ವಿರುದ್ಧ. ಬಹುಪಾಲು ಸಣ್ಣ ಪೆಟ್ರೋಲ್ ಎಂಜಿನ್ನುಗಳು ಹೀಗೇ. ಆದರೆ ಕೆಲವು ಹಳೆ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿಗೆ ಶಕ್ತಿ ಹೋಗುವುದು ಫ್ಲೈವೀಲ್ ಕಡೆಯಿಂದ, ಅಂದರೆ ಎಂಜಿನ್ನಿನ ಇನ್ನೊಂದು ಬದಿಯಿಂದ. ಅಂಥ ಗಾಡಿಗೆ ಎಂಜಿನ್ ಬದಲಿಸುವುದು ದೊಡ್ಡ ಕೆಲಸ. ಅಕ್ಕನ ಗಾಡಿಯಲ್ಲಿ ಗೇರ್ ಬಾಕ್ಸಿನದು, ಡೆಕ್ಕಿನದು ಎರಡೂ ಬೆಲ್ಟು ಶಾಫ್ಟಿನ ಕಡೆಗೇ ಇದ್ದದ್ದು ಪುಣ್ಯ.

ಹಳೆ ಎಂಜಿನ್ನಿನ ಆಯಿಲ್ ತಟ್ಟೆ ಆಳ, ಹಾಗಾಗಿ ಶಾಫ್ಟ್ ಎತ್ತರದಲ್ಲಿತ್ತು. ಹೊಸದನ್ನು ಎತ್ತರಿಸಲು ದಪ್ಪ ಕಬ್ಬಿಣದ ಪ್ಲೇಟು, ಕೆಳಗೆ ಚಾನೆಲ್. ಆಟೋ ಎಂಜಿನ್ ಹಾಳು ಮಾಡಿದ ತೂತುಗಳನ್ನು ತುಂಬಿಸಿ, ಚಾಸಿಯ ಆ ಭಾಗಕ್ಕೆ ಒಳಗಿಂದ ಪಟ್ಟಿ ಕೊಡಿಸಿದೆವು.

ಕೊನೆಗೆ ಕರೆಂಟು. ಡೆಕ್ಕಿನ ಬ್ಲೇಡು ಶುರುಮಾಡುವುದು 12 ವೋಲ್ಟಿನ ಎಲೆಕ್ಟ್ರಿಕ್ ಕ್ಲಚ್. ಅದು ಆನ್ ಇರುವಷ್ಟು ಹೊತ್ತೂ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ಸೆಲ್ಫ್ ಸ್ಟಾರ್ಟ್ ಇರುವ ಎಂಜಿನ್ನುಗಳಲ್ಲೂ ಚಾರ್ಜಿಂಗ್ ಕಾಯಿಲ್ ಸಣ್ಣದು ಇರಬಹುದು, ದೊಡ್ಡದು ಇರಬಹುದು. ಸಣ್ಣದಾದರೆ ಹುಲ್ಲು ಕತ್ತರಿಸುತ್ತಿರುವಾಗಲೇ ಬ್ಯಾಟರಿ ಇಳಿಯುತ್ತದೆ. ಹತ್ತು ಆಂಪಿಯರಿಗೆ ಕಮ್ಮಿ ಬೇಡ ಅಂತ ಚೀಟಿಯಲ್ಲಿ ಅದನ್ನೂ ಬರೆದೆವು. ಅದಕ್ಕೋಸ್ಕರ ಎಂಜಿನ್ ಬರುವುದು ತಡವಾಯಿತು. ಅಷ್ಟು ದಿನ ಅಕ್ಕ ಜೀಪು ಬಾಡಿಗೆಗೆ ತೆಗೆದುಕೊಂಡು ಅರೇಬಿಕಾ ಸಾಗಿಸಿದರು. ಅವಸರದಲ್ಲಿ ಸಿಕ್ಕಿದ್ದನ್ನು ತರದೆ ಕಾದದ್ದು ಸುಲಭದ ತೀರ್ಮಾನವಾಗಿರಲಿಲ್ಲ. ಕಾಯುವ ಖರ್ಚು ಅವರ ಕೈಯಿಂದಲೇ ಹೋಗುತ್ತಿತ್ತು.

ಏರಿನಲ್ಲಿ ನಿಂತದ್ದು

ಜೋಡಣೆ ಮುಗಿದು ಕಣದಲ್ಲಿ ಓಡಿಸಿದಾಗ ಎಲ್ಲರಿಗೂ ಖುಷಿ. ಸದ್ದು ಮೆತ್ತಗೆ, ಅದುರು ಕಮ್ಮಿ. ರೊಬಸ್ಟಾ ಕೊಯ್ಲು ಶುರುವಾಯಿತು. ಮೊದಮೊದಲು ಸಲೀಸಾಗಿ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ರೈಟರ್ ಫೋನು: ತುಂಬಿದ ಟ್ರೈಲರ್ ಎಳೆಯುತ್ತಾ ಗಾಡಿ ತಿರುವಿನಲ್ಲಿ ನಿಂತುಹೋಗಿದೆ. "ಎಚ್‌ಪಿ ಸಾಲಲ್ಲ ಅಂತ ಕಾಣುತ್ತೆ ಸರ್. ದೊಡ್ಡದೇ ಹಾಕ್ಬೇಕಿತ್ತೇನೋ."

ಮಗನೂ ಅದನ್ನೇ ಹೇಳಿದರು. ಆ ಕ್ಷಣದಲ್ಲಿ ದೊಡ್ಡ ಎಂಜಿನ್ನಿನ ಮಾತು ಮತ್ತೆ ಎದ್ದಿತು, ಈ ಎಂಜಿನ್ನನ್ನು ವಾಪಸ್ ಕೊಡಬಹುದಾ ಅನ್ನುವ ತನಕ ಹೋಯಿತು. ಹೋಗಿ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ, "ನಿಲ್ಲೋ ಮುಂಚೆ ಏನಾಯ್ತು ತಮ್ಮ, ಒಂದೊಂದೇ ಹೇಳು." ಅವನು ಸರಿಯಾಗಿ ಗಮನಿಸಿದ್ದ. ಮೊದಲು ಕೆಮ್ಮಿದ ಹಾಗೆ ಎರಡು ಸಲ ತಡೆಯಿತು, ಆಮೇಲೆ ದನಿ ಏರಿಳಿಯಿತು, ಆಮೇಲೆ ಆಫ್. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗಿ ಮತ್ತೆ ಕೆಮ್ಮಿ ನಿಲ್ಲುತ್ತದೆ. ಹಿಂದಕ್ಕೆ ಸಮತಟ್ಟಿಗೆ ಇಳಿಸಿಕೊಂಡರೆ ಏನೂ ತೊಂದರೆ ಇಲ್ಲ. ಬೆಳಗ್ಗೆ ಟ್ಯಾಂಕ್ ತುಂಬಿಸಿಕೊಂಡು ಬಂದಾಗ ಹತ್ತಿದೆ, ಮಧ್ಯಾಹ್ನ ಹತ್ತುವುದಿಲ್ಲ.

ಹೊರೆಗೆ ಸೋತ ಎಂಜಿನ್ ಹೀಗೆ ನಿಲ್ಲುವುದಿಲ್ಲ. ಅದರ ದನಿ ಮೆಲ್ಲಗೆ ಭಾರವಾಗುತ್ತಾ, ಸುತ್ತು ಇಳಿಯುತ್ತಾ ನಿಲ್ಲುತ್ತದೆ. ಆಯಿಲ್ ಕಮ್ಮಿಯಾದರೆ ಎಂಜಿನ್ ಬಂದ್ ಮಾಡುವ ಸ್ವಿಚ್ಚೊಂದು ಇದರಲ್ಲಿದೆ, ಅದು ಕೆಲಸ ಮಾಡಿದ್ದರೆ ಕೆಮ್ಮು ಇಲ್ಲದೆ ಥಟ್ಟನೆ ಆಫ್ ಆಗಬೇಕಿತ್ತು. ಕೆಮ್ಮಿ ನಿಂತು, ಬಿಟ್ಟು ನೋಡಿದರೆ ಮತ್ತೆ ಶುರುವಾಗುವುದು ಪೆಟ್ರೋಲ್ ಸಾಲದ ಲಕ್ಷಣ.

ಕಾರಣ ಗಾಡಿಯ ಪಕ್ಕ ಕೂತು ನೋಡಿದರೆ ಕಾಣುತ್ತಿತ್ತು. ಹೊಸ ಎಂಜಿನ್ನಿಗೆ ತಲೆಯ ಮೇಲೇ ಸ್ವಂತ ಟ್ಯಾಂಕು ಇರುತ್ತದೆ, ಪೆಟ್ರೋಲ್ ತನ್ನಷ್ಟಕ್ಕೆ ಇಳಿದು ಬರುತ್ತದೆ. ಬಾನೆಟ್ ಮುಚ್ಚಲಿ ಅಂತ ಆ ಟ್ಯಾಂಕ್ ತೆಗೆದು, ಗಾಡಿಯ ಹಳೆ ಟ್ಯಾಂಕಿನಿಂದಲೇ ಪೈಪು ಎಳೆದಿದ್ದರು. ಹಳೆ ಟ್ಯಾಂಕ್ ಇರುವುದು ಎಂಜಿನ್ನಿನ ಹಿಂದೆ, ಸ್ಟಿಯರಿಂಗ್ ಕೆಳಗೆ. ಸಮತಟ್ಟಿನಲ್ಲಿ ಅದು ಕಾರ್ಬ್ಯುರೇಟರಿಗಿಂತ ಒಂದು ಗೇಣಿಗೂ ಕಮ್ಮಿ ಎತ್ತರದಲ್ಲಿದೆ. ಏರಿನಲ್ಲಿ ಗಾಡಿಯ ಮೂತಿ ಮೇಲೆದ್ದ ಕೂಡಲೇ ಹಿಂದಿನ ಟ್ಯಾಂಕು ಕೆಳಗಾಗುತ್ತದೆ. ಟ್ಯಾಂಕ್ ತುಂಬಿದ್ದರೆ ಪೆಟ್ರೋಲ್ ಇನ್ನೂ ಹರಿಯುತ್ತದೆ, ಅರ್ಧವಾದರೆ ಇಲ್ಲ. ಹಳೆ ಎಂಜಿನ್ನಿಗೆ ಈ ಕಷ್ಟ ಇರಲಿಲ್ಲ, ಯಾಕೆಂದರೆ ಅದರ ಮೈಯಲ್ಲೇ ಪೆಟ್ರೋಲ್ ಎಳೆಯುವ ಸಣ್ಣ ಪಂಪು ಇತ್ತು. ಅದು ಹಳೆ ಎಂಜಿನ್ ಜೊತೆ ಹೊರಗೆ ಹೋಗಿತ್ತು.

ಮೆಕ್ಯಾನಿಕ್ ಮರುದಿನ ಪಂಪು ತಂದರು. ಅದು ಈಗಿನ ಇಂಜೆಕ್ಷನ್ ಬೈಕಿನದು. ಹಾಕಲು ಬಿಡಲಿಲ್ಲ. ಬೈಕಿನ ಆ ಪಂಪು ಸುಮಾರು ಮೂರು ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಕಾರ್ಬ್ಯುರೇಟರಿನ ಸಣ್ಣ ಸೂಜಿ ಅದರ ಚೂರು ಪಾಲನ್ನೂ ತಡೆಯಲಾರದು. ಪೆಟ್ರೋಲ್ ಉಕ್ಕಿ ಸಿಲಿಂಡರಿಗೆ, ಅಲ್ಲಿಂದ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರಿ, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಕೂಡಲೇ ನಿಲ್ಲಿಸಬೇಕು ಅಂತ ತಿಳಿಯಿರಿ. ಕಾರ್ಬ್ಯುರೇಟರ್ ಗಾಡಿಗಳಿಗೆ ಅಂತಲೇ ಬರುವ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪು ಹುಡುಕಿ ತಂದು, ಕೀ ಆಫ್ ಮಾಡಿದರೆ ಅದೂ ನಿಲ್ಲುವಂತೆ ವೈರ್ ಕೊಟ್ಟೆವು. ಕಾಲು ಟ್ಯಾಂಕಿನಲ್ಲಿ, ತುಂಬಿದ ಟ್ರೈಲರಿನೊಂದಿಗೆ ಅದೇ ತಿರುವು ಹತ್ತಿಸಿ ನೋಡಿದೆವು. ತಡೆಯಲಿಲ್ಲ.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವ ತಿರುವು ಇದೇ. ಕಡಿಮೆ ಎಚ್‌ಪಿ ಆರಿಸಿದವರಿಗೆ ಮೊದಲ ತೊಂದರೆ ಬಂದಾಗ ಎಲ್ಲರ ಬೆರಳೂ ಎಚ್‌ಪಿ ಕಡೆಗೇ ಹೋಗುತ್ತದೆ. ಆವತ್ತು ಏರಿನ ಲೆಕ್ಕ ಕಾಗದದ ಮೇಲೆ ಇಲ್ಲದಿದ್ದರೆ, ಟೈರು ಜಾರಿದ್ದನ್ನು ಮಗ ಕಣ್ಣಾರೆ ನೋಡಿರದಿದ್ದರೆ, ಬಹುಶಃ 22 ಎಚ್‌ಪಿ ಎಂಜಿನ್ ಬರುತ್ತಿತ್ತು. ಅದೂ ಅದೇ ತಿರುವಿನಲ್ಲಿ, ಅದೇ ಅರ್ಧ ಟ್ಯಾಂಕಿಗೆ, ಇನ್ನೂ ಬೇಗ ನಿಲ್ಲುತ್ತಿತ್ತು. ದೊಡ್ಡ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಬೇಕು ನೋಡಿ.

ಹಗುರಾದ ಮೂತಿ

ಇನ್ನೊಂದು ವಿಷಯ ಹುಡುಗನೇ ಹೇಳಿದ್ದು. ಏರಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತೆ ಅಂದ. ಕಾಫಿ ತೂಗುವ ತಕ್ಕಡಿಯಲ್ಲಿ ಹಳೆ ಎಂಜಿನ್ ತೂಗಿದೆವು, ಐವತ್ತು ಕಿಲೋಗೂ ಮೇಲೆ ಬಂತು. ಹೊಸದು ಮೂವತ್ತೆರಡರ ಆಸುಪಾಸು. ಅಷ್ಟು ತೂಕ ಮುಂದಿನ ಚಕ್ರಗಳಿಂದ ಹೋದಾಗ, ಹಿಂದೆ ಟ್ರೈಲರ್ ಎಳೆಯುವ ಬಲಕ್ಕೆ ಮೂತಿ ಹಗುರಾಗುತ್ತದೆ. ಬಯಲು ಸೀಮೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಕೊಡಗಿನ ಏರಿನಲ್ಲಿ, ಒಂದು ಬದಿ ಬರೆ ಇನ್ನೊಂದು ಬದಿ ಇಳಿಜಾರು ಇರುವಾಗ, ಚಕ್ರ ಮಾತು ಕೇಳದಿದ್ದರೆ ಪ್ರಾಣಕ್ಕೇ ಕುತ್ತು. ಮುಂದಿನ ಬಂಪರಿನ ಹಿಂದೆ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಬೋಲ್ಟ್ ಮಾಡಿ ಹೋದ ತೂಕ ವಾಪಸ್ ಕೊಟ್ಟೆವು. ವೆಲ್ಡ್ ಮಾಡಲಿಲ್ಲ, ಬೇಕಾದರೆ ತೆಗೆಯುವಂತಿರಲಿ ಅಂತ. ಜೊತೆಗೆ ಆರು ಚೀಲದ ಮೇಲೆ ಒಂದೂ ಬೇಡ ಅಂತ ರೈಟರಿಗೆ ಖಡಾಖಂಡಿತ ಹೇಳಿದ್ದಾಯಿತು. ಹತ್ತುವುದಕ್ಕೆ ಎಂಜಿನ್ ಇದೆ, ಇಳಿಯುವಾಗ ಟ್ರೈಲರ್ ಹಿಂದಿನಿಂದ ತಳ್ಳುತ್ತದೆ. ಆ ಸಣ್ಣ ಗಾಡಿಯ ಬ್ರೇಕು ಹುಲ್ಲುಹಾಸಿಗೆ ಮಾಡಿದ್ದು.

ಈಗಿನ ಸ್ಥಿತಿ

ರೊಬಸ್ಟಾ ಕೊಯ್ಲು ಪೂರ್ತಿ ಇದರಲ್ಲೇ ಮುಗಿಯಿತು. ಮಳೆಗಾಲದಲ್ಲಿ ಹುಲ್ಲು ಕತ್ತರಿಸುವಾಗ ಒಂದು ಗೇರ್ ಕೆಳಗೆ ಓಡಿಸಬೇಕಾಯಿತು, ಅದು ಮೊದಲೇ ಗೊತ್ತಿದ್ದದ್ದು. ಸೈಲೆನ್ಸರ್ ಬಿಸಿ ಹೊಸ ಪೆಟ್ರೋಲ್ ಪೈಪಿಗೆ ತಾಗದಂತೆ ನಡುವೆ ತಗಡಿನ ತಡೆ ಹಾಕಿದ್ದೇವೆ. ಬಾನೆಟ್ಟಿನ ಪಕ್ಕದ ತಗಡುಗಳನ್ನು ತೆಗೆದೇ ಓಡಿಸುತ್ತಾರೆ, ಗಾಳಿ ಆಡಲಿ ಅಂತ.

ಪೆಟ್ರೋಲಿನ ಬಗ್ಗೆ ಮಾತ್ರ ಅಕ್ಕ ಹೊಸ ಅಭ್ಯಾಸ ಮಾಡಿಕೊಂಡಿದ್ದಾರೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಜೂನ್, ಜುಲೈ ಮಳೆಯಲ್ಲಿ ವಾರಗಟ್ಟಲೆ ಗಾಡಿ ಶೆಡ್ಡಿನಲ್ಲಿ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂರುತ್ತದೆ, ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಹಳೆ ಟ್ಯಾಂಕಿನಿಂದ ಬರುವ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವವಕ್ಕೆ ಬದಲಿಸಿದ್ದೇವೆ. ಎಷ್ಟು ಎಥನಾಲ್ ವರೆಗೆ ಆಗುತ್ತದೆ ಅನ್ನುವುದು ಎಂಜಿನ್ನಿನ ಕೈಪಿಡಿಯಲ್ಲಿ ಇರುತ್ತದೆ. ಕೊಳ್ಳುವ ಮುಂಚೆಯೇ ಅಂಗಡಿಯವರನ್ನು ಕೇಳಿ, ಬರಹದಲ್ಲಿ ತೋರಿಸಲು ಹೇಳಿ. ಕೆಲಸ ಇಲ್ಲದ ವಾರಗಳಲ್ಲಿ ಹುಡುಗ ಈಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವ ತನಕ ಎಂಜಿನ್ ಓಡಿಸಿ ನಿಲ್ಲಿಸುತ್ತಾನೆ.

ಶಾಫ್ಟಿನ ಅಳತೆ, ಪುಲ್ಲಿಯ ವ್ಯಾಸ, ಬೆಲ್ಟಿನ ನಂಬರ್, ಪಂಪಿನ ಒತ್ತಡ, ಪ್ಲಗ್ಗಿನ ನಂಬರ್ ಎಲ್ಲವನ್ನೂ ರೈಟರ್ ತಮ್ಮ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಾರೆ. ಪಕ್ಕದ ತೋಟದವರು ತಮ್ಮ ಹಳೆ ಗಾಡಿಗೆ ಎಂಜಿನ್ ಹುಡುಕುತ್ತಾ ಬಂದಾಗ ಅಕ್ಕ ಎಂಜಿನ್ನಿನ ಹೆಸರು ಹೇಳಲಿಲ್ಲವಂತೆ. "ಮೊದಲು ನಿಮ್ಮ ಏರು ಎಷ್ಟಿದೆ, ಶಾಫ್ಟ್ ಎಷ್ಟಿದೆ, ಅಳ್ಕೊಂಡು ಬನ್ನಿ" ಅಂತ ಹೇಳಿ ಕಳಿಸಿದರು.